ಉಬ್ಬದ ಕಲೆ

ಚಳಿ ಇಳಿದು ಬಿಸಿಲು ಚುರುಗುಟ್ಟತೊಡಗಿದ್ದ ದಿನಗಳು. ಸೋಮವಾರ ಬೆಳಿಗ್ಗೆ ಕಳೆ ತೆಗೆಯುತ್ತ ಹೋದ ಹೆಂಗಸರು ತೋಟದ ಹಿಂದಿನ ಸಾಲು ತಲುಪಿ ಕೂಗಿಕೊಂಡರು. ಅಂಜೂರದ ಮರಗಳನ್ನೆಲ್ಲ ಯಾರೋ ಕಡಿದು ಉರುಳಿಸಿದ್ದರು. ಬುಡದಲ್ಲಿ ಬಿಳಿ ಹಾಲು ಒಣಗಿ ಅಂಟಾಗಿತ್ತು.

ಯಜಮಾನ ಎಲ್ಲರೆದುರೇ ಕಾವಲುಗಾರನ ಮೇಲೆ ಎಗರಿಬಿದ್ದ.

"ರಾತ್ರಿಯೆಲ್ಲ ಗೊರಕೆ ಹೊಡೆದ್ಯಾ? ಇಲ್ಲ, ನೀನೇ ಒಳಗೆ ಬಿಟ್ಯಾ?"

"ಕತ್ತಲಾದ ಮೇಲೆ ಬಂದವನು ಗೇಟು ಬಿಟ್ಟು ಕದಲಿಲ್ಲ ಯಜಮಾನ್ರೆ. ಒಂದು ನರಪಿಳ್ಳೆಯೂ ಬರಲಿಲ್ಲ."

"ಹಾಗಾದ್ರೆ ದೆವ್ವ ಕಡೀತಾ? ಕಡಿದವನು ಸಿಗದಿದ್ರೆ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ನಾನು ಕೊಟ್ಟ ಮನೆ ಖಾಲಿ ಮಾಡು."

ಯಜಮಾನನ ತಮ್ಮನೂ ಬಂದಿದ್ದ. ಪೇಟೆಯಲ್ಲಿ ಅವನದು ಮೊಳೆ, ಬಣ್ಣಗಳ ಅಂಗಡಿ. "ಪಾಪ, ಅಣ್ಣ ಈ ಮರಗಳನ್ನ ಮಕ್ಕಳ ಹಾಗೆ ಸಾಕಿದ್ದ. ನಾನಂತೂ ಈ ಕಡೆ ತಲೆ ಹಾಕಿ ವರ್ಷವಾಯ್ತು ಮೇಡಂ," ಎಂದ. ದೂರಿನ ಮೇಲೆ ಬಂದಿದ್ದ ಇನ್ಸ್‌ಪೆಕ್ಟರಮ್ಮ ತಲೆಯಾಡಿಸಿದರು.

* * *

ಮೊದಲ ಅನುಮಾನ ಮೇಕೆಯವನ ಮೇಲೆ. ತೋಟಕ್ಕೆ ಮೇಕೆ ನುಗ್ಗಿಸಿದ್ದಕ್ಕೆ ಯಜಮಾನನೊಡನೆ ಅವನಿಗೆ ಜಗಳವಾಗಿತ್ತು. ಎರಡೂ ತೋಳಿನ ತುಂಬ ಕಲೆ ಬೇರೆ. ಅಂಜೂರದ ಹಾಲು ಸಿಡಿದದ್ದೇ ಎಂದ ಯಜಮಾನ. ಇನ್ಸ್‌ಪೆಕ್ಟರಮ್ಮ ಅವನನ್ನು ಚರ್ಮದ ಡಾಕ್ಟರ ಬಳಿ ಕರೆದೊಯ್ದರು.

ಡಾಕ್ಟರು ಕಣ್ಣು ಮುಚ್ಚಿಕೊಂಡು ತೋಳಿನ ಮೇಲೆ ಬೆರಳಾಡಿಸಿದರು.

"ಇವು ಉಬ್ಬಿವೆ. ಪ್ಯಾಪ್ಯೂಲ್ ಅಂತೀವಿ. ಹುಳ ಕಚ್ಚಿದೆ, ಅಷ್ಟೆ."

"ಅಂಜೂರದ ಹಾಲಾಗಿದ್ರೆ?"

"ಹಾಲು ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಮೊದಲು ಕೆಂಪಾಗಿ ಉರಿಯುತ್ತೆ. ವಾರ ಕಳೆದರೆ ಕಂದು ಕಲೆ. ಚಪ್ಪಟೆ. ಕಣ್ಣಿಗೆ ಕಾಣುತ್ತೆ, ಬೆರಳಿಗೆ ಸಿಗಲ್ಲ. ಅದು ಮ್ಯಾಕ್ಯೂಲ್."

"ಬಿಸಿಲು ಬೀಳದಿದ್ರೆ?"

"ತೊಳೆದರೆ ಮುಗೀತು. ಕಲೆ ಏಳಲ್ಲ."

ಮೇಕೆಯವನು ತೋಳು ಕೆರೆದುಕೊಂಡ. "ಕೋಳ ಹಾಕೋಕೆ ಮುಂಚೆ ಮುಲಾಮಾದ್ರೂ ಕೊಡಿಸಿ ತಾಯಿ."

* * *

ವಾರ ಕಳೆದು, ಮರ ಹೋದರೆ ಯಾರಿಗೆ ಲಾಭ ಎಂದು ವಿಚಾರಿಸಿಕೊಂಡು, ಇನ್ಸ್‌ಪೆಕ್ಟರಮ್ಮ ಯಜಮಾನನೊಡನೆ ತಮ್ಮನ ಅಂಗಡಿಗೆ ಹೋದರು. ಮೊಳೆ ತೂಗುತ್ತಿದ್ದ ಅವನ ಮುಂಗೈ ಮೇಲೆ ಕಂದು ಗೆರೆಗಳು, ಹನಿ ಜಾರಿದ ಹಾಗೆ. ಗಡಿಯಾರದ ಪಟ್ಟಿ ಸರಿದಾಗ ಅದರಡಿಯ ಚರ್ಮ ಮಾತ್ರ ಸ್ವಚ್ಛ.

"ಏನಾಯ್ತು?"

"ಬಿಸಿ ಎಣ್ಣೆ ಸಿಡೀತು ಮೇಡಂ."

ಅವರು ಗೆರೆಯ ಮೇಲೆ ಬೆರಳೆಳೆದರು. ಏನೂ ತಡೆಯಲಿಲ್ಲ.

"ಎಣ್ಣೆ ಸುಟ್ಟಿದ್ರೆ ಹಕ್ಕಳೆ ಇರ್ತಿತ್ತು. ಇದು ಅಂಜೂರದ ಹಾಲು. ಸುತ್ತಮುತ್ತ ಅಂಜೂರ ಇರೋದು ಅಣ್ಣನ ತೋಟದಲ್ಲಿ ಮಾತ್ರ. ವರ್ಷದಿಂದ ಹೋಗಿಲ್ಲ ಅಂದ್ರಿ. ಹಾಲಿಗೆ ಬಿಸಿಲೂ ಬಿದ್ದಿದೆ, ಅಂದ್ರೆ ಕಡಿದದ್ದು ರಾತ್ರಿ ಅಲ್ಲ, ಹಗಲು. ಭಾನುವಾರ ಆಳುಗಳಿಗೆ ರಜೆ, ನಿಮ್ಮಣ್ಣ ಊರಲ್ಲಿರಲಿಲ್ಲ. ಕಾವಲುಗಾರ ಇನ್ನೂ ಬಂದೇ ಇರಲಿಲ್ಲ."

ತಮ್ಮ ತಕ್ಕಡಿ ಕೆಳಗಿಟ್ಟ. ಅಣ್ಣನ ಮುಖ ನೋಡಲಿಲ್ಲ.

"ಆ ಮರ ಇರೋವರೆಗೂ ನೀನು ಜಮೀನು ಮಾರ್ತಿರಲಿಲ್ಲ. ನನ್ನ ಪಾಲೂ ಅಲ್ಲೇ ಕೊಳೀತಿತ್ತು."

* * *

ಕಾವಲುಗಾರನ ಹೆಂಡತಿ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು. ಯಜಮಾನ ಬಾಗಿಲಲ್ಲಿ ನಿಂತು ಗೇಟಿನ ಬೀಗದ ಕೈಯನ್ನು ಚಾಚಿದ.

"ತಗೋ. ಆದದ್ದಾಯ್ತು."

ಕಾವಲುಗಾರ ಕೈ ಮುಂದೆ ಮಾಡಲಿಲ್ಲ.

"ಬೈದದ್ದು ನಾಲ್ಕು ಜನರ ಮುಂದೆ ಯಜಮಾನ್ರೆ. ತಪ್ಪು ನನ್ನದಲ್ಲ ಅನ್ನೋದನ್ನೂ ಅಲ್ಲೇ ಹೇಳಿ. ಆಮೇಲೆ ತಗೋತೀನಿ."

ಕಳೆ ತೆಗೆಯುವ ಹೆಂಗಸರು ತೋಟದಲ್ಲೇ ಇದ್ದರು, ಕೂಗಿದರೆ ಕೇಳುವಷ್ಟು ದೂರ. ಯಜಮಾನ ಅತ್ತ ನೋಡಿ ಗಂಟಲು ಸರಿಮಾಡಿಕೊಂಡ. ಆಮೇಲೆ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಮನೆಯ ಕಡೆ ನಡೆದ.

ಹೆಂಡತಿ ಗೋಣಿಯ ಬಾಯಿ ಕಟ್ಟಿದಳು.