ಎಡಗೈಗೆ ಹೊಂದುವ ಗೇರು

ಮೋಡಗಳಿಗೂ ಮನುಷ್ಯರಿಗೂ ಇನ್ನೂ ಮಾತುಕತೆಯಿದ್ದ ಕಾಲದಲ್ಲಿ, ಗುಡ್ಡದ ತುದಿಯಲ್ಲಿ ಮಳೆ ಅಳೆಯುವ ಹುಡುಗಿಯೊಬ್ಬಳಿದ್ದಳಂತೆ...

ಅಜ್ಜಿ ಹೇಳಿದ್ದರೆ ಕಥೆ ಹೀಗೆ ಶುರುವಾಗುತ್ತಿತ್ತು. ಆದರೆ ಈ ಹುಡುಗಿ ನಿಜಕ್ಕೂ ಇದ್ದಳು. ಗುಡ್ಡದ ಮೇಲಿನ ಹವಾಮಾನ ಕೇಂದ್ರದಲ್ಲಿ ಮಳೆ, ಗಾಳಿ ಅಳೆಯುವುದೇ ಅವಳ ಕೆಲಸ. ಅವಳನ್ನು ಮೇಲಕ್ಕೆ ಕರೆದೊಯ್ಯುತ್ತಿದ್ದ ಜೀಪು ನಿಂತುಹೋಗಿತ್ತು. ಸೋಮವಾರದಿಂದ ಸೂರ್ಯ ಹುಟ್ಟುವ ಮೊದಲು ತಾನಾಗಿ ತುದಿ ಮುಟ್ಟದಿದ್ದರೆ ಆ ಕೆಲಸ ಬೇರೆಯವರ ಪಾಲು!

ಉಳಿದದ್ದು ಕಾಲೇಜಿನ ದಿನಗಳಿಂದ ತುಳಿಯುತ್ತಿದ್ದ ಸೈಕಲ್. ಅದರ ಮುಂದಿನ ಗೇರು ಬದಲಿಸುವ ಶಿಫ್ಟರ್ ತುಕ್ಕು ಹಿಡಿದು, ಚೈನು ಪೆಡಲ್ ಬಳಿಯ ಹಲ್ಲಿನ ಚಕ್ರಗಳಲ್ಲಿ ದೊಡ್ಡದನ್ನೇ ಕಚ್ಚಿಕೊಂಡು ಕೂತಿತ್ತು. ಊರಿನ ಸಮ ರಸ್ತೆಗೆ ಅದು ಸಾಕಾಗಿತ್ತು. ಗುಡ್ಡಕ್ಕೆ?

"ಇದನ್ನ ಹಾಕಿಕೊಡಿ. ಸೋಮವಾರ ಗುಡ್ಡ ಹತ್ತಬೇಕು, ಬೇಗ!"

ರಿಪೇರಿ ಅಂಗಡಿಯ ಮೇಜಿನ ಮೇಲೆ ಹೊಸ ಶಿಫ್ಟರ್ ಇಟ್ಟಳು. ಅಂಗಡಿಯವನು ಅದರ ಕಡೆ ಒಮ್ಮೆ ಕಣ್ಣು ಹಾಯಿಸಿ ಮತ್ತೆ ತನ್ನ ಕೆಲಸಕ್ಕೆ ಬಗ್ಗಿದ. ಬೀದಿಯವರೆಲ್ಲ ಅವನನ್ನು 'ನಿಧಾನಪ್ಪ' ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

"ಇದು ಆಗಲ್ಲ."

"ಸರಿಯಾಗಿ ನೋಡೇ ಇಲ್ವಲ್ರೀ!"

"ನೋಡ್ದೆ. ಇದು ಎರಡು ಹಲ್ಲಿನ ಚಕ್ರಕ್ಕೆ ಮಾಡಿರೋದು. ನಿಮ್ಮ ಗಾಡಿಗೆ ಮುಂದೆ ಮೂರಿದೆ."

"ಕಂಪನಿ ಒಂದೇ ಅಲ್ವಾ?"

"ಒಂದೇ ಮನೇಲಿ ಹುಟ್ಟಿದೋರೆಲ್ಲ ಹೊಂದ್ಕೊಂಡು ಹೋಗ್ತಾರಾ?"

ನಗಬಾರದು ಅಂದುಕೊಂಡೇ ನಕ್ಕುಬಿಟ್ಟಳು. ಅವನೂ ತಲೆ ಎತ್ತಿದ. ಅಯ್ಯೋ... ಎಷ್ಟು ಶಾಂತವಾದ ಕಣ್ಣು!

ಅವಳು ಎಡಗೈಯನ್ನು ಸ್ವೆಟರಿನ ತೋಳೊಳಗೆ ಎಳೆದುಕೊಂಡಳು. ಹೊಸಬರೆದುರು ಅದು ಅವಳ ಅಭ್ಯಾಸ.

"ಒಂದು ಸಲ ಒತ್ತಿದ್ರೆ ಇದು ಕೇಬಲ್ ಇಷ್ಟು ಎಳೆಯುತ್ತೆ. ಅಲ್ಲಿ ಚೈನ್ ಅಷ್ಟೇ ಸರೀಬೇಕು. ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಹಲ್ಲು ಕಡಿಯುತ್ತೆ," ಎಂದ ಅವನು. "ಸರಿಯಾದದ್ದು ಹುಡುಕಿ ಹಾಕ್ತೀನಿ. ಸೋಮವಾರ ನೀವು ಎಲ್ಲೂ ಇಳೀದೆ ತುದಿ ಮುಟ್ತೀರಿ. ಇದು ನನ್ನ ಮಾತು."

ಶನಿವಾರ ಅವನು ಸೈಕಲನ್ನು ಎತ್ತಿ ನಿಲ್ಲಿಸಿ, ಪೆಡಲ್ ತಿರುಗಿಸುತ್ತ ಹೊಸ ಶಿಫ್ಟರ್ ಒತ್ತಿದ. ಕಟ್! ಚೈನು ಒಂದು ಚಕ್ರದಿಂದ ಇನ್ನೊಂದಕ್ಕೆ ಜಾರಿತು. ಕಟ್! ಮತ್ತೆ ಏರಿತು. ಒಂದಿಷ್ಟೂ ತಡವರಿಕೆಯಿಲ್ಲ. ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು. ಇಷ್ಟು ವರ್ಷ ತನ್ನ ಕಾಲ ಕೆಳಗೇ ಇಂಥ ಮಾಯೆ ಮಲಗಿತ್ತಾ!

"ಈಗ ಚಿಕ್ಕ ಮಗು ಕೂಡ ಗೇರ್ ಹಾಕಬಹುದು," ಎಂದ, ಹೆಮ್ಮೆಯಿಂದ.

ಭಾನುವಾರ ಅವಳೊಬ್ಬಳೇ ಗುಡ್ಡದ ಬುಡಕ್ಕೆ ಹೋದಳು. ಏರು ಶುರುವಾಯಿತು. ಎಡ ಹೆಬ್ಬೆರಳಿನಿಂದ ಶಿಫ್ಟರ್ ಒತ್ತಿದಳು. ಅದು ಅಲ್ಲಾಡಲಿಲ್ಲ. ಬಾಲ್ಯದಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಮುರಿದ ಬೆರಳು ಅದು. ಬಾಗುವುದಿಲ್ಲ, ಬಲವಿಲ್ಲ. ಮತ್ತೆ ಒತ್ತಿದಳು. ನೋವು ಭುಜದವರೆಗೆ ಹತ್ತಿತು.

ಚಿಕ್ಕ ಮಗು ಕೂಡ...

ಸೈಕಲನ್ನು ತಳ್ಳಿಕೊಂಡೇ ಅಂಗಡಿಗೆ ಬಂದಳು.

"ಯಾರಿಗಾದ್ರೂ ಕೊಟ್ಟುಬಿಡಿ ಇದನ್ನ."

"ಯಾಕೆ, ಶಿಫ್ಟರ್ ಸರಿ ಕೂತಿಲ್ವಾ?"

"ಶಿಫ್ಟರ್ ಸರಿ ಇದೆ. ಗಾಡಿನೂ ಸರಿ ಇದೆ. ಹೊಂದದೇ ಇರೋದು ನಾನು!"

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿದ್ದಳು.

ನಿಧಾನಪ್ಪ ಸೈಕಲಿನ ಮುಂದೆ ಕೂತ. ಎಲ್ಲ ಅಳೆದಿದ್ದೆನಲ್ಲ... ಕೇಬಲ್, ಚಕ್ರ, ಹ್ಯಾಂಡಲ್ಲಿನ ದಪ್ಪ! ಆಗ ಕಣ್ಣಿಗೆ ಬಿದ್ದದ್ದು ಹಿಡಿಯ ರಬ್ಬರು. ಬಲಗಡೆಯದರಲ್ಲಿ ಹೆಬ್ಬೆರಳು ಕೂರುವ ಜಾಗ ಸವೆದು ಗುಳಿಬಿದ್ದಿತ್ತು. ಎಡಗಡೆ ನಾಲ್ಕು ಬೆರಳಿನ ಸವಕಳಿ ಮಾತ್ರ. ಹೆಬ್ಬೆರಳಿನ ಜಾಗ ಹೊಸದರಂತೆ ಹೊಳೆಯುತ್ತಿತ್ತು.

ಸದಾ ತೋಳೊಳಗಿರುತ್ತಿದ್ದ ಆ ಕೈ!

ಜನ್ಮದಲ್ಲಿ ಮೊದಲ ಸಲ ನಿಧಾನಪ್ಪ ಓಡಿದ.

ಅವಳ ಮನೆಯ ಬಾಗಿಲು ತೆರೆದದ್ದು ಅಜ್ಜಿ. ಏದುಸಿರು ಬಿಡುತ್ತಿದ್ದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಜ್ಜಿ, ಅವರ ಕೈ ನೋಡ್ಬೇಕಿತ್ತು."

"ಏ ಮಗಾ, ಬಾರೇ ಇಲ್ಲಿ! ಕೈ ಹಿಡಿಯೋಕೆ ಬಂದೋನು ಸ್ಪ್ಯಾನರ್ ಹಿಡ್ಕೊಂಡು ಬಂದಿದ್ದು ಇದೇ ಮೊದಲು ನೋಡ್ತಿರೋದು!"

"ಅಜ್ಜೀ!" ಒಳಗಿನಿಂದ ಬಂದವಳ ಮುಖ ಕೆಂಪಾಗಿತ್ತು. ಎಡಗೈ ಬೆನ್ನ ಹಿಂದೆ. "ಕನಿಕರ ಪಡೋಕೆ ಬಂದ್ರಾ?"

"ಅಲ್ಲ. ತಪ್ಪು ನನ್ನದು. ಗಾಡಿಯ ಅಳತೆಯೆಲ್ಲಾ ತಗೊಂಡೆ, ತುಳಿಯೋರ್ನ ಮಾತ್ರ ನೋಡಲಿಲ್ಲ." ಅವನು ಜೇಬಿನಿಂದ ಬೆರಳುದ್ದದ ಹಿಡಿಯೊಂದನ್ನು ತೆಗೆದ. "ಇದು ಹಳೇ ಕಾಲದ ಶಿಫ್ಟರ್. ಇದರಲ್ಲಿ ಕಟ್ ಅನ್ನೋ ಮೆಟ್ಟಿಲುಗಳಿಲ್ಲ, ಎಷ್ಟು ಸರಿಸಿದ್ರೆ ಅಷ್ಟು. ಹ್ಯಾಂಡಲ್ ಮೇಲೆ ಕೂರುತ್ತೆ. ಅಂಗೈಯಿಂದ ತಳ್ಳಿದ್ರೆ ಸಾಕು. ಎರಡು ಚಕ್ರ, ಮೂರು ಚಕ್ರ, ಯಾವುದಕ್ಕಾದ್ರೂ ಹೊಂದ್ಕೊಳ್ಳುತ್ತೆ."

"ಎಲ್ಲದಕ್ಕೂ ಹೊಂದುತ್ತೆ ಅಂದ್ರೆ ಮೊದಲೇ ಯಾಕೆ ಹಾಕಲಿಲ್ಲ?"

"ಹೊಸದು ಹಾಕಿ ನಿಮ್ಮೆದುರು ಮೆರೀಬೇಕು ಅನ್ನಿಸ್ತು," ಎಂದ, ನೆಲ ನೋಡುತ್ತ.

ಮೆಲ್ಲಗೆ, ಬಹಳ ಮೆಲ್ಲಗೆ, ಎಡಗೈ ಬೆನ್ನ ಹಿಂದಿನಿಂದ ಈಚೆ ಬಂತು.

ಸೋಮವಾರ, ಇನ್ನೂ ನಸುಗತ್ತಲು. ಅವಳು ಮುಂದೆ, ಅವನು ತನ್ನ ಸೈಕಲಿನಲ್ಲಿ ಹಿಂದೆ. ಏರು ಕಡಿದಾದಾಗ ಅಂಗೈಯಿಂದ ಶಿಫ್ಟರಿನ ಹಿಡಿಯನ್ನು ಸರಿಸಿದಳು. ಚೈನು ಗರಗರ ಎಂದಿತು. ಇನ್ನೊಂದಿಷ್ಟು ಸರಿಸಿದಳು... ಸದ್ದಡಗಿತು. ಪೆಡಲ್ ಹೂವಿನಂತೆ ಹಗುರಾಯಿತು!

ಕೊನೆಯ ತಿರುವು ದಾಟಿದರು.

ಊರು ಕಾಣಲಿಲ್ಲ. ಕಾಲ ಕೆಳಗೆಲ್ಲ ಮೋಡ... ಬೆಳ್ಳಗೆ, ಕೊನೆಯಿಲ್ಲದ ಮೋಡ! ಅದರ ಅಂಚಿಗೆ ಈಗಷ್ಟೇ ಕೆಂಪು ಹತ್ತುತ್ತಿತ್ತು. ಜೀಪಿನ ಕಿಟಕಿಯಿಂದ ಎಷ್ಟೋ ಸಲ ಕಂಡದ್ದೇ. ಆದರೂ ಇಂದು ಮೊದಲ ಸಲ ಕಂಡಂತೆ ಅವಳ ಕಣ್ಣು ತುಂಬಿತು.

ಕೇಂದ್ರದ ಗೇಟು ಬಂತು. ಅವಳು ಬ್ರೇಕ್ ಹಿಡಿದು ಗೇಟಿನ ಕಂಬಕ್ಕೆ ಒರಗಿದಳು. ಕಾಲು ಇನ್ನೂ ಪೆಡಲ್ ಮೇಲೇ ಇತ್ತು.

"ಮೋಡ ಮಾತಾಡ್ತಿತ್ತು ಅಂತ ಅಜ್ಜಿ ಹೇಳೋಳು," ಎಂದಳು ಪಿಸುದನಿಯಲ್ಲಿ.

"ಈಗ ಏನಂತಿದೆ?"

"ನಿಧಾನಪ್ಪನಿಗೆ ಹೇಳೋಕೆ ಏನೋ ಇದೆ, ಬಾಯಿ ಬರ್ತಿಲ್ಲ ಅಂತಿದೆ."

ಅವನು ನಕ್ಕ. ಆಮೇಲೆ ನಗಲಿಲ್ಲ. "ದಿನಾ ನಿಮ್ಮ ಜೊತೆ ಈ ಗುಡ್ಡ ಹತ್ತಬೇಕು ಅನ್ನಿಸ್ತಿದೆ. ಮುದುಕ ಆಗೋವರೆಗೂ."

"ಹಾಗಾದ್ರೆ ಹಿಂದೆ ಹಿಂದೆ ಬರಬೇಡಿ. ಪಕ್ಕದಲ್ಲಿ ಬನ್ನಿ."

ಸೂರ್ಯನ ಮೊದಲ ಎಳೆ ಮೋಡದಿಂದ ಮೇಲೆದ್ದಿತು.

"ನೀವು ಕೊಟ್ಟ ಮಾತು ಪೂರ್ತಿ ಆಯ್ತಲ್ಲ... ಇನ್ನು ಇಳೀಲಾ?"

"ಇಳೀರಿ."

ಅವಳು ಎಡಗೈ ಚಾಚಿದಳು. ಅವನು ಹಿಡಿದುಕೊಂಡ. ಆಗಷ್ಟೇ ಅವಳ ಪಾದ ನೆಲ ಮುಟ್ಟಿತು.