ತಾಮ್ರವಿಲ್ಲದ ನಿಂಬೆಹಣ್ಣು

ಪಂಪ್‌ಹೌಸಿನ ಹೊಸ್ತಿಲ ಮೇಲೆ ನಾಲ್ಕು ನಿಂಬೆಹಣ್ಣು ಬಿದ್ದಿದ್ದವು. ಒಂದೊಂದಕ್ಕೂ ಒಂದು ಮೊಳೆ ಚುಚ್ಚಿತ್ತು. ಕೊನೆಯದು ಅಪ್ಪಚ್ಚಿಯಾಗಿತ್ತು.

“ನಾನಾ ಚಪ್ಲೀಲೆ ಜಜ್ಜೀನ್ರಿ,” ಎಂದಳು ಮುದುಕಿ ಗೋಪಮ್ಮ. “ಉಳದಿದ್ದು ಮುಟ್ಟಾಕ ಕೈ ಬರವಲ್ದು.”

ಹಿರೇಕೊಟ್ನೆಕಲ್ ದಾಟಿದರೆ ಸಿಗುವ ಸಣ್ಣ ಊರು ಅದು. ಬೆಳಿಗ್ಗೆಯಿಂದ ನಲ್ಲಿಗೆ ನೀರು ಬಂದಿರಲಿಲ್ಲ. ಹೆಂಗಸರು ಖಾಲಿ ಕೊಡ ಹಿಡಿದು ದೂರವೇ ನಿಂತಿದ್ದರು. ಮಾನ್ವಿಯಿಂದ ಬಂದ ಪಿಎಸ್‌ಐ ಮಂಜುಳಾ ಜೀಪಿನಿಂದ ಇಳಿದಳು.

“ಬಾನಾಮತಿ ರೀ ಮೇಡಂ,” ಎಂದ ಊರಿಗೆ ನೀರು ಬಿಡುವ ನಾಗೇಶ. ಹೆಗಲಲ್ಲಿ ಪಾನಾ, ಪಕ್ಕಡಗಳಂಥ ರಿಪೇರಿ ಸಾಮಾನಿನ ಚೀಲವಿತ್ತು. “ಮೋಟ್ರು ಕಟ್ಟಿ ಹಾಕ್ಯಾರ. ಅಮಾಸಿ ದಾಟೋತನಕ ಬಾಗ್ಲಾ ತಗೀಬಾರ್ದು.”

“ಕಟ್ಟಿ ಹಾಕಿದೋರು ಯಾರು?”

ನಾಗೇಶ ಪಕ್ಕದ ಶಾಲೆಯ ಬಿಸಿಯೂಟದ ಕೋಣೆಯತ್ತ ನೋಡಿದ, ಅಷ್ಟೇ. ಜನರೆಲ್ಲ ಅತ್ತ ನೋಡಿದರು. ಅಡುಗೆಯ ಯಮನಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಆಕಿ ಮಗಳು ನಿನ್ನೆ ಲಿಂಬಿಹಣ್ಣು, ಮೊಳಿ ಕೊಂಡಾಳ,” ಎಂದಳು ಗೋಪಮ್ಮ. “ಆಕಿ ಕೈಯಾನ ಅನ್ನ ನಮ್ಮ ಹುಡುಗ್ರು ಉಣ್ಣಂಗಿಲ್ಲ.”

ಮಂಜುಳಾ ಹೊಸ್ತಿಲ ಬಳಿ ಬಂದಳು. ಹೆಡ್ ಕಾನ್ಸ್‌ಟೇಬಲ್ ಮಹಾಂತಯ್ಯ ಮೆಲ್ಲಗೆ ಕೆಮ್ಮಿದ.

“ದಾಟಬ್ಯಾಡ್ರಿ ಮೇಡಂ.”

ದೇವದುರ್ಗದಲ್ಲಿ ಬೆಳೆದವಳು ಮಂಜುಳಾ. ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು ಕಂಡರೆ ಅವ್ವ ರಟ್ಟೆ ಹಿಡಿದು ಎಳೆಯುತ್ತಿದ್ದಳು. ಅದು ನೆನಪಾಯಿತು, ಆದರೂ ದಾಟಿದಳು.

ಬೀಗ ಮುರಿದಿರಲಿಲ್ಲ. ಅದರ ಕೀಲಿ ಶಾಲೆಯ ಗೋಡೆಗೇ ತೂಗುತ್ತಿತ್ತು, ಯಾರ ಕೈಗಾದರೂ ಸಿಗುವಂತೆ. ಬಾಗಿಲು ತೆಗೆಸಿದಳು. ಒಳಗೆ ಮೋಟರಿನ ಸ್ಟಾರ್ಟರ್ ಡಬ್ಬಿ ತೆರೆದಿತ್ತು. ಅಲ್ಲಿಂದ ಬೋರ್‌ವೆಲ್ಲಿಗೆ ಹೋಗುವ ದಪ್ಪ ಕೇಬಲ್ ಇರಲಿಲ್ಲ. ಕತ್ತರಿಸಿದ ತುಂಡು ಮಾತ್ರ ಜೋತಾಡುತ್ತಿತ್ತು.

“ದೆವ್ವಕ್ಕ ಕೇಬಲ್ ಯಾಕ ಬೇಕ್ರಿ, ಮಹಾಂತಯ್ಯನೋರ?”

* * *

ಯಮನಮ್ಮನ ಮಗಳು ಮಲ್ಲಿಕಾ ಎಂಟನೇ ತರಗತಿ. ಅತ್ತು ಕಣ್ಣು ಊದಿದ್ದವು. ದನಿ ಮಾತ್ರ ಅಳುಕಲಿಲ್ಲ.

“ಹಣ್ಣು ನನ್ನವಾ ರೀ.”

“ಸುಮ್ನಿರಬೇ,” ಎಂದಳು ತಾಯಿ.

“ಸುಳ್ಳು ಯಾಕ ಹೇಳ್ಲಿ ಯವ್ವಾ? ಅದು ಬ್ಯಾಟರಿ ರೀ ಮೇಡಂ. ನಾಳಿಗೆ ರಾಯಚೂರಾಗ ವಿಜ್ಞಾನ ಪ್ರದರ್ಶನ ಅದ. ಎಷ್ಟೊತ್ತು ಉರಿತದ ನೋಡಾಮಂತ ನಿನ್ನೆ ಸಂಜಿಗೆ ಕ್ಲಾಸಿನ ಕಿಡಕ್ಯಾಗ ಹಚ್ಚಿಟ್ಟು ಹೋಗಿದ್ದೆ. ಮುಂಜಾನಿ ಬಲ್ಬು ಒಂದಾ ಇತ್ತು. ಹೆಡ್‌ಮಾಸ್ತರು ನಾಳಿಗೆ ಬರಬ್ಯಾಡ ಅಂದಾರ.”

ಮಂಜುಳಾ ಒಂದು ಹಣ್ಣನ್ನು ಕೈಗೆತ್ತಿಕೊಂಡಳು. ಮೊಳೆಯ ಎದುರಿಗೆ ಇನ್ನೊಂದು ತೂತು ಇತ್ತು. ಸಣ್ಣದು, ಖಾಲಿ. ಎಲ್ಲದರಲ್ಲೂ ಹಾಗೆಯೇ.

“ಇದ್ಯಾಕ?”

“ಅಲ್ಲಿ ತಾಮ್ರದ ತಂತಿ ಇತ್ರಿ. ಇದು ತಗಡಿಗೆ ಹೊಡಿಯೋ ಮೊಳಿ, ಮ್ಯಾಲೆ ಸತು ಬಳದಿರ್ತಾರ. ಹಣ್ಣಿನಾಗ ಕರೆಂಟ್ ಇರಂಗಿಲ್ರಿ. ಸತು ಕರಗತದ, ಅದರಿಂದ ಹುಟ್ಟತದ. ಹುಳಿ ಬರೇ ದಾರಿ. ಒಂದು ಹಣ್ಣಿನ ತಾಮ್ರ ಇನ್ನೊಂದರ ಮೊಳಿಗೆ ಜೋಡಿಸ್ಬೇಕು. ನಾಕು ಕೂಡಿದ್ರ ಬಿಳಿ ಎಲ್‌ಇಡಿ ಬಲ್ಬು ಹತ್ತತದ. ಮೂರಕ್ಕ ಹತ್ತಂಗಿಲ್ಲ, ಮಾಡಿ ನೋಡೀನಿ.”

ಮಾಡಿ ನೋಡೀನಿ. ಮಂಜುಳಾ ಬಿ.ಎಸ್‌ಸಿ.ಯಲ್ಲಿ ಇದನ್ನು ಓದಿದ್ದಳು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದಳು. ಮಾಡಿ ನೋಡಿರಲಿಲ್ಲ. ಹುಡುಗಿಯ ಕೈಗಳನ್ನೇ ನೋಡುತ್ತ ಕೇಳಿದಳು.

“ತಂತಿ ಎಲ್ಲಿಂದ ತಂದಿ?”

“ಮಾನ್ವ್ಯಾಗ ಜಮೀರ್ ಚಾಚಾ ಅದಾರಲ್ರಿ, ಮೋಟ್ರು ವೈಂಡಿಂಗ್ ಮಾಡೋರು.”

ಮಹಾಂತಯ್ಯ ಮಂಜುಳಾಳ ಕಿವಿಯ ಬಳಿ ಬಗ್ಗಿದ. “ತಾಮ್ರದ ಅಂಗಡಿ ನಂಟೂ ಅದ ಅಂದಂಗಾತು ಮೇಡಂ.”

* * *

ಮಾನ್ವಿಯ ಅಂಗಡಿಯಲ್ಲಿ ಜಮೀರ್ ಸುಟ್ಟ ಮೋಟರ್ ಬಿಚ್ಚುತ್ತ ಕುಳಿತಿದ್ದ.

“ಕೊಟ್ಟೀನ್ರಿ. ಸುಟ್ಟು ಕರ್ರಗಾದ ತಂತಿ. ಉಂಗ್ರದಂಗ ತುದಿ ಬಗ್ಗಿಸ್ಕೊಂಡು ಹೋದ್ಲು. ಹೋಗೋಮುಂದ ನೂರು ಸವಾಲು ಕೇಳಿದ್ಲು. ಅರ್ಧಕ್ಕ ನನ್ನತ್ರ ಜವಾಬು ಇರಲಿಲ್ಲ.” ಮಾತಾಡುತ್ತಲೇ ಬಗ್ಗಿದ. ನೆಲದಿಂದ ಉಗುರಿನಷ್ಟು ತಾಮ್ರದ ಚೂರು ಎತ್ತಿ ಡಬ್ಬಿಗೆ ಹಾಕಿದ.

“ಈಗ ಏನು ಎತ್ತಿದ್ರಿ?”

“ನಾನಾ?” ಅವನು ಡಬ್ಬಿ ನೋಡಿ ನಕ್ಕ. “ಗೊತ್ತಾಗ್ಲೇ ಇಲ್ರಿ. ಕೈಗೆ ಚಟ.”

ಮಂಜುಳಾ ಅವಸರವಾಗಿ ಜೀಪು ಹತ್ತಿದಳು.

* * *

“ನಾಗೇಶ, ಚೀಲ ಇಲ್ಲಿ ಸುರುವು.”

ಪಂಪ್‌ಹೌಸಿನ ಮುಂದೆ ಪಾನಾ, ಪಕ್ಕಡ, ಟೇಪು ಬಿದ್ದವು. ಕೊನೆಗೊಂದು ತಂಬಾಕಿನ ಡಬ್ಬಿ. ಅದರಲ್ಲಿ ನಾಲ್ಕು ಮೋಟು ತಂತಿ.

“ಅವು ಸ್ಟಾರ್ಟರ್ ರಿಪೇರಿಗಂತ ಇಟ್ಕೊಂಡಿದ್ರಿ,” ಎಂದ ನಾಗೇಶ.

ಮಂಜುಳಾ ಒಂದನ್ನು ಎತ್ತಿ ಹಿಡಿದಳು. ತಂತಿ ಕಪ್ಪಗಿತ್ತು. ಒಂದು ತುದಿ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಇನ್ನೊಂದು ತುದಿ ಉಂಗುರದಂತೆ ಬಾಗಿತ್ತು.

“ಗೋಪಮ್ಮ, ತಾಮ್ರದ ತಂಬಿಗಿ ಯಾತರಿಂದ ತಿಕ್ತೀರಿ?”

“ಲಿಂಬಿ ಹೋಳೀಲೆ. ಇಲ್ಲಾಂದ್ರ ಹುಣಸಿಹಣ್ಣು.”

“ಈ ತುದಿ ಯಾತರಾಗ ಬೆಳಗ್ಯಾದ ಹೇಳ್ರಿ.”

ಗೋಪಮ್ಮ ತಂತಿ ನೋಡಿದಳು, ಹೊಸ್ತಿಲ ಹಣ್ಣು ನೋಡಿದಳು. ಕೊನೆಗೆ ನಾಗೇಶನನ್ನು ನೋಡಿದಳು.

“ಮಾಟ ಮಾಡೋರು ತಂತಿ ಕಿತ್ತು ಇಟ್ಕೊಳ್ಳಂಗಿಲ್ಲ,” ಎಂದಳು ಮಂಜುಳಾ. “ಮಲ್ಲಿಕಾ ಅಂತೂ ಕೀಳಂಗಿಲ್ಲ, ತಾಮ್ರ ಇಲ್ದ ಆಕಿ ಬ್ಯಾಟರಿನಾ ಇಲ್ಲ. ಕೇಬಲ್ ಕದ್ದಂವಗ ಅಮಾಸಿತನಕ ಬಾಗ್ಲಾ ಯಾರೂ ತಗೀಬಾರ್ದಾಗಿತ್ತು. ಕಿಡಕ್ಯಾಗ ಮೊಳಿ ಹೊಡದ ಹಣ್ಣು ಕಂಡ್ವು, ತಂದಿಟ್ಟ. ಕೆಟ್ಟ ಹೆಸರು ಯಮನಮ್ಮಗ ಬಂತು. ಆದ್ರ ತಾಮ್ರ ಕಂಡ್ರ ಅವನ ಕೈ ಸುಮ್ನಿರಲಿಲ್ಲ. ಕೇಬಲ್ ಎಲ್ಲಿ ನಾಗೇಶ?”

ನಾಗೇಶ ಬೆವರೊರೆಸಿಕೊಂಡ. ನೆಲ ನೋಡುತ್ತ ನೀರಿನ ತೊಟ್ಟಿಯತ್ತ ಕೈ ತೋರಿಸಿದ. ನೀರಿಲ್ಲದ ತೊಟ್ಟಿಯ ಮುಚ್ಚಳ ಯಾರೂ ತೆರೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕೇಬಲ್ ಅದರೊಳಗೆ ಸುರುಳಿಯಾಗಿ ಮಲಗಿತ್ತು.

ಮಲ್ಲಿಕಾ ಆಗಲೇ ತಂತಿಗಳನ್ನು ಹಣ್ಣುಗಳಿಗೆ ಸಿಕ್ಕಿಸುತ್ತಿದ್ದಳು. ಮೂರಕ್ಕೆ ನಿಂತಳು. ನಾಲ್ಕನೆಯದು ಅಪ್ಪಚ್ಚಿ. ಬಲ್ಬು ಕಪ್ಪಗೆ ಕುಳಿತಿತ್ತು. ಜನ ಇನ್ನೂ ಹತ್ತಿರ ಬಂದಿರಲಿಲ್ಲ.

ಮಹಾಂತಯ್ಯ ಜೀಪಿನ ಮುಂದೆ ಹೋದ. ದೃಷ್ಟಿಯಾಗದಿರಲೆಂದು ಅಲ್ಲಿ ತಾನೇ ಕಟ್ಟಿದ್ದ ಮೆಣಸಿನಕಾಯಿ ಸರವನ್ನು ಬಿಚ್ಚಿದ. ಅದರ ನಿಂಬೆಹಣ್ಣನ್ನು ಅಂಗಿಗೆ ಒರೆಸಿ ಚಾಚಿದ.

“ಮೊನ್ನಿ ಕಟ್ಟೀನವ್ವಾ. ಇದರಾಗ ಹುಳಿ ಉಳದದೇನು ನೋಡು.”

ಮಲ್ಲಿಕಾ ಜಜ್ಜಿದ ಹಣ್ಣಿನ ಮೊಳೆ ಕಿತ್ತು ಅದಕ್ಕೆ ಚುಚ್ಚಿದಳು. ಕೊನೆಯ ತಂತಿ ತಾಗಿಸಿದಳು. ಅಕ್ಕಿಕಾಳಿನಷ್ಟು ಬೆಳಕು ಹತ್ತಿತು. ನೋಡಲು ಬಗ್ಗಲೇಬೇಕಿತ್ತು. ಒಬ್ಬೊಬ್ಬರೇ ಬಂದು ಬಗ್ಗಿದರು. ಮಂಜುಳಾ ಎಲ್ಲರಿಗಿಂತ ಹೆಚ್ಚು ಹೊತ್ತು ಬಗ್ಗಿ ನೋಡಿದಳು.

ಗೋಪಮ್ಮ ಕೊಡ ಕೆಳಗಿಟ್ಟಳು. ಮೊಮ್ಮಗನ ಬೆನ್ನು ತಟ್ಟಿ ಬಿಸಿಯೂಟದ ಕೋಣೆಯತ್ತ ದಬ್ಬಿದಳು.

“ಹೋಗಲೇ. ಯಮನಮ್ಮ ನೀಡತಾಳ, ಉಣ್ಣು.”