ಶಾಲು ಮಾತ್ರ ಮೂಡಿತ್ತು

ಹಡ್ಸನ್ ನದಿ ದಂಡೆಯ ನಮ್ಮೂರಲ್ಲಿ ಸೇಬು ಹೂಬಿಡುವ ಕಾಲ. ಮುತ್ಸದ್ದಿಯೊಬ್ಬರ ಶವಯಾತ್ರೆಯ ಫೋಟೊ ತೆಗೆಯಲು ಗಾಜಿನ ಫಲಕಕ್ಕೆ ಚಿತ್ರ ಮೂಡಿಸುವ ಮದ್ದು ಹಚ್ಚಿ ಕಾದಿದ್ದೆ. ಎದುರಿನ ಜಗಲಿಯ ಮೇಲೆ ತಂಗಿ ಲವೀನಿಯಾ ಶಾಲಿನಲ್ಲಿ ಕೂಸನ್ನು ಸುತ್ತಿ ಎತ್ತಿಕೊಂಡು ನಿಂತಿದ್ದಳು.

ಫಲಕ ತೊಳೆದಾಗ, ನಡೆಯುತ್ತಿದ್ದ ಕುದುರೆ, ಜನ ಎಲ್ಲ ಹೊಗೆಯಂತೆ ಕದಡಿಹೋಗಿದ್ದರು. ನಿಂತಿದ್ದ ಲವೀನಿಯಾ ಸ್ಪಷ್ಟವಾಗಿ ಮೂಡಿದ್ದಳು. ಅವಳ ತೋಳಲ್ಲಿ ಬರೀ ಶಾಲಿತ್ತು.

"ನಿನ್ ಮಗ ಅಲುಗಾಡಿದಾನೆ ಕಣೇ, ಥೇಟ್ ಅವರಪ್ಪನ ಹಾಗೆ," ಎಂದೆ.

"ಶವಯಾತ್ರೆಗೆ ಫಿರಂಗಿ ಹೊಡೆದ್ರೂ ಮಿಸುಕಲಿಲ್ಲ ಅಣ್ಣಾ. ನಿನ್ ಮದ್ದೇ ಸರಿಯಿಲ್ಲ. ಇನ್ನೊಂದು ತೆಗಿ."

ಮರುದಿನ, ನಿದ್ದೆಹೋಗಿದ್ದ ಕೂಸಿನ ಫೋಟೊ ತೆಗೆದೆ. ದಿಂಬಿನಲ್ಲಿ ತಲೆಯೂರಿದ ತಗ್ಗು ಮೂಡಿತು, ಕೂಸು ಮೂಡಲಿಲ್ಲ. ಫಲಕ ಒಡೆದುಹೋಯಿತೆಂದು ಸುಳ್ಳು ಹೇಳಿದೆ.

ಕೂಸು ಹಾಲು ಕುಡಿಯುತ್ತದೆ, ಮೈಯೂ ತುಂಬಿಕೊಂಡಿದೆ. "ಎಂಥ ಒಳ್ಳೆ ಕೂಸು ನೋಡಣ್ಣಾ," ಅಂತ ಲವೀನಿಯಾ ಹಿಗ್ಗುತ್ತಾಳೆ, ಫೋಟೊ ಯಾವಾಗ ಕೊಡ್ತೀಯ ಅಂತ ಕೇಳುತ್ತಾಳೆ. ಶವಯಾತ್ರೆಯ ದಿನದಿಂದ ಕೂಸು ಒಮ್ಮೆಯೂ ಅತ್ತಿಲ್ಲ.